ಆಯೇರಿ ಸೀರೆಗಳ ಬೇಲಿ

ಮೈಕು ಕೈಗೆ ಸಿಕ್ಕರೆ ಅಮೋಘಸಿದ್ದಪ್ಪನವರ ಬುದ್ಧಿ ಅವರ ಹತೋಟಿಯಲ್ಲಿ ಇರುತ್ತಿರಲಿಲ್ಲ. ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ‘ಪ್ರಯಾಣಿಕರ ಗಮನಕ್ಕೆ’ ಎಂದು ಅವರು ಒಮ್ಮೆ ಕೂಗಿದರೆ ಕಿತ್ತೂರಿಗೆ ಹೋಗಬೇಕಾದವರೂ ಗಾಬರಿಬಿದ್ದು ಬೈಲಹೊಂಗಲದ ಗಾಡಿ ಹತ್ತುತ್ತಿದ್ದರಂತೆ. ನಿವೃತ್ತಿಯಾದಾಗ ಮೈಕು ಸ್ಟ್ಯಾಂಡಿನಲ್ಲೇ ಉಳಿಯಿತು, ದನಿ ಮನೆಗೆ ಬಂತು. ದನಿಯ ಜೊತೆ ಖಾಕಿ ಬಟ್ಟೆಗಳೂ ಬಂದವು. ಅವನ್ನು ಇಸ್ತ್ರಿ ಮಾಡಿಸಿ, ಡಾಂಬರ ಗುಳಿಗೆ ಹಾಕಿ, ಕಪಾಟಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದರು. ಆ ಖಾನೆಗೆ ಹೆಂಡತಿ ಬಾಯವ್ವ ಕೂಡ ಕೈ ಹಾಕುವ ಹಾಗಿರಲಿಲ್ಲ.

ಈಗ ಅವರ ರಾಜ್ಯವೆಂದರೆ ಊರ ಅಂಚಿನ ಮನೆಯ ಹಿತ್ತಲು. ಅಲ್ಲಿ ಗಜ್ಜರಿ ಎನ್ನುವ ಕ್ಯಾರೆಟ್, ಮೆಂತೆ, ಸೌತೆಬಳ್ಳಿ, ಒಂದಿಷ್ಟು ಬದನೆ. ಹಿತ್ತಲಿನಾಚೆ ಗುಡ್ಡದ ಕುರುಚಲು, ಕುರುಚಲಿನ ತುಂಬ ಕಾಡುಮೊಲ. ಸಂಜೆ ಹಸಿರಾಗಿ ನಿಂತಿದ್ದ ಗಜ್ಜರಿಯ ಸೊಪ್ಪು ಬೆಳಿಗ್ಗೆ ನೋಡಿದರೆ ಕಟಿಂಗ್ ಅಂಗಡಿಗೆ ಹೋಗಿಬಂದಂತೆ ಬೋಳಾಗಿರುತ್ತಿತ್ತು. ಅಮೋಘಸಿದ್ದಪ್ಪನವರು ಸಿಟ್ಟಿಗೆದ್ದು ಉರುಲು ಹಾಕಲೆಂದು ತಂತಿಯನ್ನೂ ತಂದಿಟ್ಟರು.

ಆದರೆ ಅದೇ ವಾರ ಮುರಗೋಡದ ಮಠದಲ್ಲಿ ಪ್ರವಚನವಿತ್ತು. ವಿಷಯ, ಪ್ರಾಣಿದಯೆ. ಕೊನೆಗೆ ಭಕ್ತರು ಎರಡು ಮಾತಾಡಲಿ ಎಂದು ಮೈಕನ್ನು ಕೆಳಗೆ ಕಳಿಸಿದರು. ಅದು ಯಾರ ಕೈಗೆ ಬಂತು ಎಂದು ಬೇರೆ ಹೇಳಬೇಕಿಲ್ಲ.

“ನಮ್ಮ ಹಿತ್ತಲದಾಗ ಇನ್ನ ಮುಂದ ಒಂದು ಮೊಲದ ಕೂದಲೂ ಕೊಂಕೂದಿಲ್ಲ! ಹಂಗಂತ ಒಂದು ಗಜ್ಜರಿನೂ ಹೋಗೂದಿಲ್ಲ! ಬರೂ ವಾರ ನಮ್ಮ ಬಸುರಿ ಮಗಳ ಕುಬಸ ಐತಿ. ಊಟಕ್ಕ ಒಂದು ಕಾಯಿಪಲ್ಲೆನೂ ನಾವು ಸಂತ್ಯಾಗ ಕೊಳ್ಳೂದಿಲ್ಲ!”

ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ಕಿವಿಯಲ್ಲಿ ತುಂಬಿಕೊಂಡೇ ಅವರು ಮನೆಗೆ ಬಂದು ತಂತಿಯನ್ನು ಗುಜರಿಗೆ ಹಾಕಿದರು. ಆಮೇಲೆ ಹಿಂಸೆಯಿಲ್ಲದ ಉಪಾಯಗಳು ಶುರುವಾದವು. ಬೆಳ್ಳುಳ್ಳಿ-ಮೆಣಸಿನಕಾಯಿ ನೀರು ಸಿಂಪಡಿಸಿದರು. ಗಾಳಿ ತಿರುಗಿ, ಕಣ್ಣು ಉರಿದದ್ದು ಸಿಂಪಡಿಸಿದವರದೇ. ಕಟಿಂಗ್ ಅಂಗಡಿಯಿಂದ ಕೂದಲು ತಂದು ಸುತ್ತಲೂ ಉದುರಿಸಿದರು. ಅದಷ್ಟೂ ಹಾರಿ ಪಕ್ಕದ ಮನೆಯ ಹಮೀದಾಬಿ ಒಣಹಾಕಿದ್ದ ಸಂಡಿಗೆಯ ಮೇಲೆ ಕೂತಿತು.

ಹಮೀದಾಬಿ ಜಗಳಕ್ಕೆ ಬರಲಿಲ್ಲ. ನಕ್ಕಳು. ಅವಳ ನಗು ಆ ಓಣಿಗೆಲ್ಲ ಗೊತ್ತು. ಒಮ್ಮೆ ಶುರುವಾದರೆ ಗೋಡೆಯ ಈಚೆ ಬಾಯವ್ವನಿಗೂ ಕಾರಣ ತಿಳಿಯದೆ ನಗು ಹತ್ತುತ್ತಿತ್ತು. ಮಗಳು ಶೈಲಶ್ರೀ ಅರ್ಧ ಬೆಳೆದದ್ದು ಆ ನಗುವಿನ ಮಗ್ಗುಲಲ್ಲೇ. ಬಾಯವ್ವ ಕೆಲಸಕ್ಕೆ ಹೋದಾಗ ಹುಡುಗಿ ಉಂಡದ್ದು, ಮಲಗಿದ್ದು, ಬಿದ್ದು ಮೊಣಕಾಲು ಕೆತ್ತಿಸಿಕೊಂಡದ್ದು ಎಲ್ಲ ಹಮೀದಾಬಿಯ ಮನೆಯಲ್ಲೇ.

“ಸುತ್ತ ಹಳೇ ಸೀರಿ ಕಟ್ರಿ ಸಾಹೇಬ್ರ,” ಎಂದ ಹಮೀದಾಬಿಯ ಗಂಡ ಮೀರಾಸಾಬ. ಕಿತ್ತೂರ ಗಾಡಿ ಓಡಿಸಿ ರಿಟೈರ್ ಆದವನು. “ನಮ್ಮ ತಮ್ಮ ಹೊಲದಾಗ ಹಂದಿ ಬರಬಾರದಂತ ಅದನ್ನ ಕಟ್ಟ್ಯಾನ. ಅರಿವಿ ಪಟಪಟ ಅಂದ್ರ ಒಂದೂ ಹತ್ರ ಬರೂದಿಲ್ಲ. ಮೊಲಕ್ಕಾದ್ರ ತೆಳಗಿನ ಅಂಚು ಮಣ್ಣಾಗ ಹುಗೀಬೇಕು, ಇಲ್ಲಂದ್ರ ತೂರತಾವು.”

ಉಪಾಯವೇನೋ ಸರಿ, ಹಳೆಯ ಸೀರೆ ಎಲ್ಲಿ? ಬಾಯವ್ವನ ಹಳೆಯ ಸೀರೆಗಳೆಲ್ಲ ಆಗಲೇ ಕೌದಿಯಾಗಿ ಮಂಚದ ಮೇಲಿದ್ದವು. ಮೀರಾಸಾಬ ತೆರೆದ ಕಪಾಟಿನತ್ತ ಕಣ್ಣು ಹಾಯಿಸಿದ.

“ಈ ಖಾಕಿ ಅದಾವಲ್ರಿ? ಗಟ್ಟಿ ಅರಿವಿ. ಹೆಂಗೂ ಯಾರೂ ಹಾಕ್ಕೊಳ್ಳೂದಿಲ್ಲ.”

“ಏ ಮೀರಾಸಾಬ್!” ಅಮೋಘಸಿದ್ದಪ್ಪನವರು ಕಪಾಟಿನ ಬಾಗಿಲು ಧಡಾರನೆ ಮುಚ್ಚಿದರು. “ಹಾಕ್ಕೊಳ್ಳಲಿ ಬಿಡಲಿ, ಅದು ನನ್ನ ಮರ್ಯಾದಿ. ಮೊಲದ ಮುಂದ ಕಟ್ಟೂ ವಸ್ತು ಅಲ್ಲದು.”

ಮೀರಾಸಾಬ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ ಉಳಿದರು. ಬಾಯವ್ವ ಮಗಳನ್ನು ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆತರಲು ರಾಮದುರ್ಗಕ್ಕೆ ಹೋಗಿದ್ದಳು. ಮಂಚದ ಕೆಳಗೆ ಅವಳ ಟ್ರಂಕು ಕಂಡಿತು. ಎಳೆದು ತೆಗೆದರೆ ಒಳಗೆ ಸೀರೆಯ ಮೇಲೆ ಸೀರೆ, ಒಂದರದೂ ಮಡಿಕೆ ಬಿಚ್ಚಿಲ್ಲ. ಅಮೋಘಸಿದ್ದಪ್ಪನವರು ಕೇಳದೆ ಮುಟ್ಟುವವರಲ್ಲ. ಫೋನು ಹಚ್ಚಿದರು.

“ಟ್ರಂಕಿನ್ಯಾಗಿನ ಸೀರಿ ನೀ ಉಡತೀಯೇನು?”

ರಾಮದುರ್ಗದ ಕಡೆ ಒಗ್ಗರಣೆ ಚುಂಯ್ ಎಂದಿತು. “ಅವನ್ನ ಯಾರ ಉಡತಾರ್ರಿ? ಆಯೇರಿ ಸೀರಿ ಅವು. ಇಡ್ರಿ ಫೋನ್, ಪಲ್ಲೆ ಹೊತ್ತತೈತಿ.”

ಯಾರೂ ಉಡುವುದಿಲ್ಲ ಎಂದ ಮೇಲೆ ಇನ್ನೇನು? ಗಂಡಸಿನ ತಲೆಗೆ ಅಷ್ಟೇ ಹೊಳೆದದ್ದು. ಆ ಸೀಮೆಯಲ್ಲಿ ಆಯೇರಿ ಎಂದರೇನು ಎಂದು ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಿದ್ದಳು. ಮದುವೆ, ಮುಂಜಿ, ವಾಸ್ತುಶಾಂತಿ ಏನೇ ಇರಲಿ, ಬಂಧುಗಳು ಒಬ್ಬರಿಗೊಬ್ಬರು ಉಡುಗೊರೆಯಾಗಿ ಸೀರೆ ಕೊಡಲೇಬೇಕು. ಕೊಟ್ಟದ್ದನ್ನು ಯಾರೂ ಉಡುವುದಿಲ್ಲ, ಯಾರೂ ಬಿಸಾಡುವುದೂ ಇಲ್ಲ. ಮಡಿಕೆ ಬಿಚ್ಚದೆ ಇಟ್ಟು, ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ಹೀಗೆ ಒಂದೊಂದು ಸೀರೆ ಬಸ್ಸಿಗಿಂತ ಹೆಚ್ಚು ಊರು ಸುತ್ತುತ್ತದೆ. ಅದರಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಕೊಟ್ಟವರ ಕಣ್ಣಿಗೆ ಆ ಸೀರೆ ಮತ್ತೆ ಬೀಳಬಾರದು. ಸಾವಿರಾರು ಬಸ್ಸುಗಳನ್ನು ದಾರಿ ಹಚ್ಚಿದ ಕಂಟ್ರೋಲರ್ ಸಾಹೇಬರಿಗೆ ಈ ಒಂದು ರೂಟು ಗೊತ್ತಿರಲಿಲ್ಲ.

ಬೇಲಿ ಮಾತ್ರ ಸೊಗಸಾಗಿ ಎದ್ದಿತು. ಗೂಟ ನೆಟ್ಟು, ಬೇರೆ ತಂತಿ ತಂದು ಬಿಗಿದು, ಸೆರಗುಗಳನ್ನೆಲ್ಲ ಮಣ್ಣಿನಲ್ಲಿ ಹುಗಿದು ಮೇಲೆ ಕಲ್ಲು ಹೇರಿದರು. ಕೆಂಪು, ಹಳದಿ, ಗುಲಾಬಿ, ತಿಪ್ಪೆಯ ಮೂಲೆಯಲ್ಲೊಂದು ಕೆಂಪಂಚಿನ ಹಸಿರು. ಮರುದಿನ ಬೆಳಿಗ್ಗೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ‘ನಮ್ಮ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಬರೆದರು: ‘ಅಹಿಂಸಾ ಬೇಲಿ. ನಿಮ್ಮೆಲ್ಲರ ಆಶೀರ್ವಾದ.’

ಗಂಡಸರು ಹೆಬ್ಬೆರಳು ಎತ್ತಿದರು. ಹೆಂಗಸರ ಕಡೆಯಿಂದ ಏನೂ ಬರಲಿಲ್ಲ. ಆಮೇಲೆ ತಿಳಿದುಬಂದಂತೆ, ಆ ಹೊತ್ತಿನಲ್ಲಿ ನಾಲ್ಕೂರಿನ ಹೆಂಗಸರು ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು.

ಮೊದಲ ಫೋನು ಕಿತ್ತೂರಿನಿಂದ ಬಂತು. ಅಕ್ಕ ಗೌರವ್ವ.

“ತಮ್ಮಾ, ತಿಪ್ಪಿ ಬಾಜೂಕ ಕೆಂಪಂಚಿನ ಹಸರ ಸೀರಿ ಕಟ್ಟೀಯಲ್ಲ, ಅದು ಯಾರದು?”

“ನಮ್ಮ ಟ್ರಂಕಿಂದಕ್ಕಾ. ಭಾಳ ಗಟ್ಟಿ ಅರಿವಿ. ಮೊಲ ಏನು, ಹಂದಿ ಬಂದ್ರೂ ಹರಿಯೂದಿಲ್ಲ.”

“ನಿಮ್ಮ ವಾಸ್ತುಶಾಂತಿಗೆ ನಾ ಕೊಟ್ಟಿದ್ದದು! ಬೆಳಗಾವಿ ಅಂಗಡ್ಯಾಗ ಕಾಲ ನೋಯೂಮಟಾ ನಿಂತು ಆರಿಸಿದ್ದು! ನನ್ನ ಮರ್ಯಾದಿ ತಗೊಂಡು ತಿಪ್ಪಿಗೆ ಕಟ್ಟೀಯೇನೋ?”

“ಅಕ್ಕಾ, ಅದು...” ಎಂದು ಅಮೋಘಸಿದ್ದಪ್ಪನವರು ಬಾಯಿ ತೆರೆದರು.

“ಬಾಯಿಲೆ ಹೇಳೂದ ಬ್ಯಾಡ. ಈಗ ಗಾಡಿ ಹತ್ತತೇನಿ. ಕುಬಸ ನಾಳೆ ಇದ್ರೂ ಇವತ್ತ ಬರತೇನಿ. ಮತ್ತ ಒಂದು ಕೇಳತೇನಿ. ನಿಮ್ಮ ಬೀಗತಿ ದುರ್ಗವ್ವ ಕೊಟ್ಟಿದ್ದು ಯಾವ ಮೂಲ್ಯಾಗ ಐತಿ?”

ಬೀಗತಿ ಎಂದರೆ ಶೈಲಶ್ರೀಯ ಅತ್ತೆ. ರಾಮದುರ್ಗದ ಆ ಮನೆಯಲ್ಲಿ ಹುಲಿಯನ್ನು ಯಾರೂ ಕಂಡಿರಲಿಲ್ಲ, ದುರ್ಗವ್ವನನ್ನು ಕಂಡಿದ್ದರು, ಅಷ್ಟು ಸಾಕಾಗಿತ್ತು. ಬಾಯವ್ವ, ಶೈಲಶ್ರೀಯ ಜೊತೆ ಆಕೆಯೂ ಈಗ ಬಸ್ಸಿನಲ್ಲಿ ಕೂತು ಸವದತ್ತಿಗೆ ಹೊರಟಿದ್ದಳು. ವಾಟ್ಸಾಪಿನ ಗೊಡವೆ ಇಲ್ಲದ ಹೆಂಗಸು, ಇನ್ನೂ ಏನೂ ತಿಳಿದಿರಲಿಲ್ಲ. ನಾಳೆ ಮಗಳು ನಗುನಗುತ್ತ ಕುಬಸಕ್ಕೆ ಕೂರುವಳೋ ಅಳುತ್ತ ಕೂರುವಳೋ ಎಂಬುದು ಈಗ ಒಂದು ಸೀರೆಯ ಮೇಲೆ ನಿಂತಿತ್ತು. ಬಾಯವ್ವನಿಗೆ ಫೋನು ಹಚ್ಚಿದರು.

“ಬೀಗತ್ಯಾರು ನಿನಗ ಕೊಟ್ಟ ಸೀರಿ ಯಾವುದು? ಗುಲಾಬಿದೇನು?”

“ಹೂಂ,” ಎಂದಳು ಬಾಯವ್ವ. ಪಕ್ಕದಲ್ಲೇ ದುರ್ಗವ್ವ ಕೂತಿದ್ದಳು.

“ಗುಲಾಬಿನೋ, ಹಳದಿನೋ?”

“ಹೂಂ.”

“ಏ, ಒಂದು ಹೇಳ. ಮೊದಲನೇದೋ ಎರಡನೇದೋ?”

“ಎಲ್ಲಾ ಚಲೋ ಅದೇವ್ರಿ, ಮನಿಗೆ ಬಂದು ಮಾತಾಡೂನು,” ಎಂದು ಬಾಯವ್ವ ಫೋನಿಟ್ಟಳು.

ಎಲ್ಲ ಬಿಚ್ಚಿಬಿಡೋಣವೆಂದರೆ ಕಲ್ಲು, ಮಣ್ಣು, ತಂತಿಯ ಗಂಟು. ಬಿಚ್ಚಿದರೆ ಕುಬಸದ ಗಜ್ಜರಿ ಮೊಲದ ಪಾಲು. ಜೀವಮಾನದಲ್ಲಿ ಮೊದಲ ಬಾರಿ ಅಮೋಘಸಿದ್ದಪ್ಪನವರು ರಾಮದುರ್ಗದ ಬಸ್ಸು ತಡವಾಗಲಿ ಎಂದು ದೇವರಿಗೆ ಕೈಮುಗಿದರು. ಅವರು ಕೂಗುತ್ತಿದ್ದ ಕಾಲದಲ್ಲಿ ಒಂದು ದಿನವೂ ಹೊತ್ತಿಗೆ ಬಾರದ ಆ ಬಸ್ಸು, ಅಂದು ಹೊತ್ತಿಗೆ ಸರಿಯಾಗಿ ಬಂತು. ಅಷ್ಟರಲ್ಲಿ ಬಿಚ್ಚಲಾದದ್ದು ಗುಲಾಬಿ ಸೀರೆಯೊಂದೇ. ಅದನ್ನು ಮಡಚಿ ದೇವರ ಮುಂದೆ ಇಟ್ಟರು.

ಗೌರವ್ವ ಬಂದು ಕಟ್ಟೆಯ ಮೇಲೆ ಕೂತಾಗಿತ್ತು. ಆಟೋ ನಿಂತಿತು. ದುರ್ಗವ್ವ ಇಳಿದಳು, ಹಿಂದೆಯೇ ಬಾಯವ್ವ, ಶೈಲಶ್ರೀ. ಮನೆಯ ಮಗ್ಗುಲಲ್ಲಿ ಹಿತ್ತಲು ಪೂರ್ತಿ ಕಾಣುತ್ತಿತ್ತು. ಅಮೋಘಸಿದ್ದಪ್ಪನವರು ಎರಡೂ ಕೈ ಚಾಚಿ ಬೇಲಿಗೆ ಅಡ್ಡ ನಿಂತರು. ಮನುಷ್ಯನ ಕೈ ಎಷ್ಟು ಸೀರೆಯನ್ನು ಮರೆಮಾಡೀತು?

“ಏನ್ರಿ ಬೀಗರ, ಊರ ಮಂದಿ ಅರಿವಿ ಒಗ್ಯಾಕ ಹತ್ತೀರೇನು?”

“ಅಹಿಂಸಾ ಬೇಲಿ ರೀ ಅಕ್ಕಾರ. ಮೊಲ ಬರಬಾರದಂತ.”

ಬಾಯವ್ವ ನೋಡಿದಳು. ಹೋಗಿ ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಮೋಘಸಿದ್ದಪ್ಪನವರಿಗೆ ಜೀವ ಹೋದಂತಾದದ್ದು ಆಗಲೇ.

ದುರ್ಗವ್ವ ಬೇಲಿಯುದ್ದಕ್ಕೂ ನಡೆದಳು. ಚೆಕಿಂಗ್‌ಗೆ ಬಂದವರು ಟಿಕೆಟ್ ನೋಡುವಂತೆ ಒಂದೊಂದನ್ನೇ ನೋಡಿದಳು.

“ನಿಮ್ಮದನ್ನ ಕಟ್ಟಿಲ್ಲ ಬಿಡ್ರಿ,” ಎಂದರು ಅಮೋಘಸಿದ್ದಪ್ಪನವರು. “ಮರ್ಯಾದಿಲೆ ದೇವರ ಮುಂದ ಇಟ್ಟೇನಿ.” ಓಡಿಹೋಗಿ ಗುಲಾಬಿ ಸೀರೆ ತಂದರು.

“ಇದು ನಂದಲ್ಲ. ನಂದು ಅಲ್ಲಿ, ಸೌತಿಬಳ್ಳಿ ಮಗ್ಗಲಕ್ಕ ಐತಿ. ಮ್ಯಾಲ ಕಾಗಿ ಕುಂತೈತಿ ನೋಡ್ರಿ.”

ಕಾಗೆ ಕೂತಿತ್ತು. ಬರೀ ಕೂತಿರಲಿಲ್ಲ, ತನ್ನ ಗುರುತನ್ನೂ ಬಿಟ್ಟಿತ್ತು. ಗೌರವ್ವ ಕಟ್ಟೆಯ ಮೇಲಿಂದ ಕಿಸಕ್ಕನೆ ನಕ್ಕಳು. ನಗಬಾರದಿತ್ತು. ದುರ್ಗವ್ವ ತಿರುಗಿ ತಿಪ್ಪೆಯ ಮೂಲೆಗೆ ಬಂದವಳು ಹಸಿರು ಸೀರೆಯ ಮುಂದೆ ನಿಂತಳು.

“ಇದೂ ನಂದ. ಶೈಲೂನ್ನ ಬಿಡಾಕ ರಾಮದುರ್ಗಕ್ಕ ಬಂದಾಗ ಗೌರಕ್ಕಗ ಕೊಟ್ಟಿದ್ನಿ. ಇಲ್ಲಿಗೆ ಹೆಂಗ ಬಂತು?”

ಎಲ್ಲರೂ ಗೌರವ್ವನ ಕಡೆ ನೋಡಿದರು. ಗೌರವ್ವ ಸೆರಗು ಸರಿಮಾಡಿಕೊಂಡಳು.

“ಬೆಳಗಾವಿ ಅಂಗಡ್ಯಾವ ಅಂಥಾವು ಎರಡು ಇಟ್ಟಿರಬೇಕು.”

“ನಾ ಇದನ್ನ ಬೆಳಗಾವ್ಯಾಗ ತಗೊಂಡಿಲ್ಲಲ್ಲ.”

“ಹಂಗಾರ ಎಲ್ಲಿ ತಗೊಂಡ್ರಿ?”

ದುರ್ಗವ್ವ ಮಾತು ತಿರುಗಿಸಿದಳು. “ಮೊದಲ ತಿಪ್ಯಾಗಿಂದ ತಗೀರಿ ಇದನ್ನ!” ಎಂದು ಸೀರೆಗೆ ಕೈಹಾಕಿ ಜಗ್ಗಿದಳು. ಗೌರವ್ವ ಎದ್ದುಬಂದು ಇನ್ನೊಂದು ತುದಿ ಹಿಡಿದಳು. “ನನಗ ಕೊಟ್ಟ ಮ್ಯಾಲ ನಂದು!” ಕಲ್ಲು ಉರುಳಿತು. ಮಣ್ಣಿನಲ್ಲಿ ಹುಗಿದಿದ್ದ ಸೆರಗು ಸರ್ರನೆ ಹೊರಬಂತು. ಸೆರಗಿನ ತುದಿಗೆ ಸಣ್ಣ ಸಣ್ಣ ಗೊಂಡೆ, ಗೊಂಡೆಗೊಂದು ಕೆಂಪು ಮಣಿ.

“ಆ ಗೊಂಡೆ ನಾ ಕಟ್ಟಿದ್ದು.”

ದನಿ ಗೋಡೆಯ ಆಚೆಯಿಂದ ಬಂತು. ಶೈಲಶ್ರೀ ಬಂದಳೆಂದು ಹಮೀದಾಬಿ ಹಾಲು-ಶಾವಿಗೆಯ ಸುರಕುಂಬಾ ಮಾಡಿಕೊಂಡು ಪಾತ್ರೆ ಹಿಡಿದು ನಿಂತಿದ್ದಳು.

“ಶೈಲೂನ ಮದವಿಗೆ ಕೊಟ್ಟಿದ್ನಿ. ಆಯೇರಿ ಅಲ್ಲದು. ಅಕಿ ಉಡಲಿ ಅಂತ ಕೊಟ್ಟಿದ್ದು.”

ಶೈಲಶ್ರೀ ಅತ್ತೆಯನ್ನು ನೋಡಿದಳು. “ಅತ್ತಿ, ನನಗ ಯಾರೂ ತೋರಸಲೇ ಇಲ್ಲಲ್ಲ?”

“ಮದವಿ ಗದ್ದಲದಾಗ ಎಲ್ಲಾ ಒಂದ ಗಂಟು ಕಟ್ಟಿ ತಂದಿದ್ರು. ನಾ ಮ್ಯಾಲಿಂದು ತಗೊಂಡು...” ದುರ್ಗವ್ವನ ಮಾತು ಅಲ್ಲಿಗೇ ನಿಂತಿತು. ಆ ಬಾಯಿ ಅರ್ಧ ಮಾತಿಗೆ ನಿಂತದ್ದನ್ನು ಶೈಲಶ್ರೀ ಅದೇ ಮೊದಲು ಕಂಡದ್ದು.

ಸವದತ್ತಿಯಿಂದ ರಾಮದುರ್ಗಕ್ಕೆ, ರಾಮದುರ್ಗದಿಂದ ಕಿತ್ತೂರಿಗೆ, ಕಿತ್ತೂರಿನಿಂದ ತಿರುಗಿ ಸವದತ್ತಿಗೆ ಬಂದಿತ್ತು ಆ ಸೀರೆ. ಪ್ರೀತಿಯಿಂದ ಕೊಟ್ಟದ್ದನ್ನು ಒಬ್ಬರೂ ಬಿಚ್ಚಿ ನೋಡಿರಲಿಲ್ಲ. ಗೌರವ್ವ ಗಾಳಿಗೆ ಹಿಡಿದಾಗ ಅದರ ನಡುವೆ ಅಂಗೈಯಗಲದ ತೂತು ಕಾಣಿಸಿತು. ತೂತಿನ ಆಚೆ ಗಜ್ಜರಿಯ ಸಾಲು ಬೋಳಾಗಿತ್ತು. ಮೊಲ ರಾತ್ರಿ ಸೀರೆಯನ್ನೇ ಕಡಿದು, ಒಳಬಂದು, ಉಂಡು ಹೋಗಿತ್ತು.

ಹಮೀದಾಬಿ ಪಾತ್ರೆಯನ್ನು ಗೋಡೆಯ ಮೇಲೆ ಇಟ್ಟು ಒಳಗೆ ಹೋದಳು. ಬಾಗಿಲ ಚಿಲಕ ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು.

ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ಅಮೋಘಸಿದ್ದಪ್ಪನವರು ತಿಳಿದಿದ್ದರು. ಅಂದು ಅವರಿಗೆ ಕೈಗಳನ್ನು ಎಲ್ಲಿಡಬೇಕೆಂಬುದೇ ತಿಳಿಯಲಿಲ್ಲ. ಅವೇ ಕೈಗಳು ಆ ಗೊಂಡೆಗಳನ್ನು ಮಣ್ಣಿನಲ್ಲಿ ಹುಗಿದು, ಮೇಲೆ ಕಲ್ಲು ಹೇರಿದ್ದವು. ಆ ರಾತ್ರಿ ಸುರಕುಂಬಾ ಪಾತ್ರೆಯಲ್ಲೇ ಉಳಿಯಿತು.

ಮರುದಿನ ಕುಬಸ. ದುರ್ಗವ್ವ ಸೊಸೆಗೆಂದು ರೇಷ್ಮೆಯ ಹಸಿರು ಸೀರೆ ತಂದಿದ್ದಳು. ಶೈಲಶ್ರೀ ಅದನ್ನು ಬದಿಗಿಟ್ಟು, ತಿಪ್ಪೆ ಮೂಲೆಯ ಸೀರೆಯನ್ನು ತೊಳೆದು ಒಣಗಿಸಿ, ತೂತಿನ ಸಮೇತ ಉಟ್ಟುಕೊಂಡು ಬಂದಳು. ಎಲ್ಲರೂ ದುರ್ಗವ್ವನ ಮುಖ ನೋಡಿದರು.

“ಉಟಗೊಳ್ಳಲಿ,” ಎಂದಳು ದುರ್ಗವ್ವ, ನೆಲ ನೋಡುತ್ತ.

ಶೈಲಶ್ರೀ ಅಪ್ಪನ ಕೈ ಹಿಡಿದು ಪಕ್ಕದ ಮನೆಗೆ ಎಳೆದುಕೊಂಡು ಹೋದಳು. ಬಾಗಿಲು ತೆರೆದದ್ದು ಮೀರಾಸಾಬ. ಅವನ ಹಿಂದೆ ಹಮೀದಾಬಿ.

ಅಮೋಘಸಿದ್ದಪ್ಪನವರು ರಾತ್ರಿಯಿಡೀ ಮಾತು ಜೋಡಿಸಿಕೊಂಡಿದ್ದರು. ಈಗ ಒಂದೂ ನೆನಪಿಗೆ ಬರಲಿಲ್ಲ. ಗಂಟಲು ತನಗೆ ಗೊತ್ತಿದ್ದ ಒಂದೇ ಕ್ಷಮೆಯನ್ನು, ಗಾಡಿ ಕೆಟ್ಟುನಿಂತಾಗ ವರ್ಷಗಟ್ಟಲೆ ಕೂಗಿದ್ದನ್ನು, ಅದೇ ರಾಗದಲ್ಲಿ ಹೊರಹಾಕಿತು.

“ನಮ್ಮಿಂದಾದ ತೊಂದರೆಗೆ ವಿಷಾದಿಸುತ್ತೇವೆ.”

ಮೀರಾಸಾಬ ಹಣೆ ಹಣೆ ಬಡಿದುಕೊಂಡ. “ಸಾಹೇಬ್ರ, ಇದು ಸ್ಟ್ಯಾಂಡ್ ಅಲ್ರಿ!”

ಹಮೀದಾಬಿ ಅವರತ್ತ ನೋಡಲೇ ಇಲ್ಲ. ಅವಳ ಕಣ್ಣು ಶೈಲಶ್ರೀಯ ಸೊಂಟದ ಹತ್ತಿರದ ತೂತಿನ ಮೇಲಿತ್ತು.

“ಇದನ್ನ ಉಟಗೊಂಡು ಮಂದ್ಯಾಗ ಕುಂದ್ರತೀಯೇನ ಹುಚ್ಚಿ?”

“ನೀ ಕೊಟ್ಟದ್ದಲ್ಲೇನ ಖಾಲಾ?”

“ನಿಲ್ಲಿಲ್ಲೆ. ಅಳ್ಳಾಡಬ್ಯಾಡ.” ಸೂಜಿ ದಾರ ತಂದು, ತನ್ನದೇ ರವಿಕೆಯ ಹಸಿರು ಬಟ್ಟೆಯ ತುಂಡಿಟ್ಟು, ಎಲೆಯ ಆಕಾರಕ್ಕೆ ಕತ್ತರಿಸಿ, ಹುಡುಗಿ ನಿಂತಂತೆಯೇ ತೇಪೆ ಹಾಕಿದಳು. ಹೊಲಿಯುತ್ತ ಹೊಲಿಯುತ್ತ ಕಣ್ಣೊರೆಸಿಕೊಂಡಳು. ಅಮೋಘಸಿದ್ದಪ್ಪನವರು ಹೊರಗೆ ಚಪ್ಪಲಿಗಳ ಹತ್ತಿರ ನಿಂತೇ ಇದ್ದರು. ಒಳಗೆ ಬರ್ರಿ ಎಂದು ಯಾರೂ ಅನ್ನಲಿಲ್ಲ, ಅನ್ನಬೇಕೆಂದು ಅವರಿಗೂ ಅನಿಸಲಿಲ್ಲ.

ಕುಬಸ ನಡೆಯಿತು. ಕಾಯಿಪಲ್ಲೆ ಸಂತೆಯಿಂದಲೇ ಬಂತು. ಹಮೀದಾಬಿ ಬಂದಳು. ಆರತಿಗೆ ಮೊದಲು ಅವಳನ್ನೇ ಕರೆದದ್ದು ದುರ್ಗವ್ವ. ಬಂಧುಗಳೂ ಬಂದರು, ಆದರೆ ಆ ದಿನ ಆಯೇರಿಯಾಗಿ ಒಬ್ಬರೂ ಸೀರೆ ತರಲಿಲ್ಲ. ಎಲ್ಲರೂ ಸ್ಟೀಲಿನ ಡಬರಿ ಪಾತ್ರೆ ತಂದಿದ್ದರು. ಇದನ್ನು ಬೇಲಿಗೆ ಹೆಂಗ ಕಟ್ಟತೀಯೋ ನೋಡೋಣ ಎಂಬಂತೆ ಅಮೋಘಸಿದ್ದಪ್ಪನವರ ಕೈಗೇ ಕೊಟ್ಟು ಹೋದರು. ಹಮೀದಾಬಿ ಎಲ್ಲರ ಜೊತೆ ಮಾತಾಡಿದಳು, ಅವರ ಜೊತೆ ಮಾತಾಡಲಿಲ್ಲ. ನಗಲಂತೂ ಇಲ್ಲ. ಗೋಡೆಯಾಚೆ ಅಷ್ಟು ಮೌನವಿದ್ದದ್ದು ಆ ಓಣಿಯಲ್ಲಿ ಯಾರಿಗೂ ನೆನಪಿರಲಿಲ್ಲ.

ಬೀಗರು ಹೋದ ಮೇಲೆ ಬಾಯವ್ವ ಮೊದಲ ಬಾರಿ ಗಂಡನ ಜೊತೆ ಬಾಯಿ ಬಿಟ್ಟಳು. ಕಪಾಟಿನ ಮೇಲಿನ ಖಾನೆ ತೆರೆದು, ಇಸ್ತ್ರಿ ಮಾಡಿದ ಖಾಕಿಯ ಕಡೆ ಬೆರಳು ತೋರಿಸಿದಳು.

“ಇವನ್ನ ಯಾರ ಹಾಕ್ಕೋತಾರ್ರಿ?”

ಅವರು ಒಂದು ಅಂಗಿಯ ಮಡಿಕೆ ಸವರಿದರು. “ಯಾರೂ ಹಾಕ್ಕೊಳ್ಳೂದಿಲ್ಲ,” ಎಂದರು. ಆಮೇಲೆ ತಾವೇ ಅವನ್ನು ಇಳಿಸಿಕೊಂಡು ಹಿತ್ತಲಿಗೆ ನಡೆದರು.

ಸೀರೆಗಳೆಲ್ಲ ಟ್ರಂಕಿಗೆ ಹೋದವು. ಬೇಲಿಗೆ ಶರ್ಟು, ಪ್ಯಾಂಟು, ಶರ್ಟು, ಪ್ಯಾಂಟು. ತಿಪ್ಪೆಯ ಮೂಲೆಗೆ ನಿವೃತ್ತಿಯ ದಿನ ತೊಟ್ಟಿದ್ದ ಅಂಗಿ, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆಯ ಸಮೇತ. ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ, “ಸಾಹೇಬ್ರ, ಕಿತ್ತೂರ ಗಾಡಿ ಎಷ್ಟೊತ್ತಿಗ್ರಿ?” ಎಂದು ಅಂಗಿಯನ್ನು ಕೇಳತೊಡಗಿದರು. ಅವರು ತಲೆ ತಗ್ಗಿಸಿ ಗಜ್ಜರಿಯ ಬೀಜ ಬಿತ್ತುತ್ತಿದ್ದರು.

ಎಳೆಯ ಸೊಪ್ಪು ಮೇಲೆದ್ದ ಮೇಲೆ ಒಂದು ಸಂಜೆ ಮೊಲ ಬಂತು. ಖಾಕಿಯ ಮುಂದೆ ಕೂತು, ಕಿವಿ ನಿಮಿರಿಸಿ, ಬಿಲ್ಲೆಯನ್ನು ದಿಟ್ಟಿಸಿ ನೋಡಿತು. ಅಮೋಘಸಿದ್ದಪ್ಪನವರು ಉಸಿರು ಬಿಗಿಹಿಡಿದರು. ಇಷ್ಟು ವರ್ಷ ಇಡೀ ಬಸ್ ಸ್ಟ್ಯಾಂಡ್ ಹೆದರಿದ ಅಂಗಿ ಅದು. ಮೊಲ ನೋಡುವಷ್ಟು ನೋಡಿ, ಪಕ್ಕದ ಪ್ಯಾಂಟಿನ ಸಡಿಲಾದ ಕಾಲಿನೊಳಗೆ ತೂರಿ, ಈಚೆ ಬದಿಯಿಂದ ಹೊರಬಂದು, ಟಿಕೆಟ್ ತೆಗೆಸಿದ ಪ್ರಯಾಣಿಕನ ಹಾಗೆ ಗಜ್ಜರಿಯ ಸಾಲಿನಲ್ಲಿ ಕೂತು ಉಣ್ಣತೊಡಗಿತು.

ಅವರಿಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಗೋಡೆಯ ಆಚೆ ಏನೋ ಬಿದ್ದ ಸದ್ದಾಯಿತು. ಅರಿವೆ ಒಣಹಾಕಲು ಬಂದಿದ್ದ ಹಮೀದಾಬಿ ಬಕೀಟು ಕೈಬಿಟ್ಟು, ಗೋಡೆ ಹಿಡಿದುಕೊಂಡು, ಮೊಲವನ್ನೂ ಪ್ಯಾಂಟನ್ನೂ ಅವರ ಮುಖವನ್ನೂ ನೋಡಿ ನಗುತ್ತಿದ್ದಳು. ನಿಲ್ಲಿಸಲು ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಬಾಯವ್ವನಿಗೂ ಹತ್ತಿತು, ಅವಳಿಗೆ ಕಾರಣ ಗೊತ್ತಿರಲಿಲ್ಲ.

“ಅಣ್ಣಾರ,” ಎಂದಳು ಹಮೀದಾಬಿ ಕೊನೆಗೆ, ಕಣ್ಣೊರೆಸಿಕೊಳ್ಳುತ್ತ. “ಓಡಸ್ರಿ ಅದನ್ನ. ಪೂರಾ ತಿಂತೈತಿ.”

“ತಿನ್ನಲಿ ಬಿಡವಾ ತಂಗಿ,” ಎಂದರು ಅಮೋಘಸಿದ್ದಪ್ಪನವರು. ಮೈಕಿನ ದನಿ ಎಲ್ಲಿ ಹೋಗಿತ್ತೋ, ಮಾತು ಗೋಡೆಯಾಚೆಗೆ ಅಷ್ಟೇ ಕೇಳಿಸಿತು. “ತಪ್ಪಾತು.”